ಹಳೆಯ ಡಾರ್ಕ್ ಸನ್ ಲೋಕವನ್ನು ಮತ್ತೆ ಆಡಿಸಬೇಕು, ಏನು ಉಳಿಸಿಕೊಳ್ಳಲಿ, ಏನು ಬಿಡಲಿ?

ತೊಗರಿಹೊಲ, ಕಲಬುರಗಿ:

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಭಾನುವಾರ ಸಂಜೆ, ಬಿಸಿಲು ಇಳಿದ ಮೇಲೆ, ನಮ್ಮ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಎಸೆದು ಕತೆ ನಡೆಸುವ ಆಟ. ನಾನೇ ಡಿಎಂ, ಅಂದರೆ ಕತೆ ಹೇಳಿ ಆಟ ನಡೆಸುವವಳು. ಆಡುವವರು ಐದು ಜನ: ನನ್ನ ಚಿಕ್ಕಪ್ಪನ ಮಗ, ಅವನ ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುವ ಹುಡುಗ, ನರ್ಸಿಂಗ್ ಓದುತ್ತಿರುವ ಇಬ್ಬರು ಹುಡುಗಿಯರು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಗೆಳೆಯ. ರೂಲ್ಸ್ ಐದನೇ ಆವೃತ್ತಿಯವು, 2014ರ ಪುಸ್ತಕ.

ಈಗಿನ ಕತೆ ಮುಗಿಯುತ್ತಾ ಬಂದಿದೆ. ಮುಂದಿನದಕ್ಕೆ ನನಗೆ ಡಾರ್ಕ್ ಸನ್ ಬೇಕೇ ಬೇಕು. ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದು 1991ರಲ್ಲಿ ಟಿಎಸ್‌ಆರ್ ಕಂಪನಿ ಪುಸ್ತಕ, ನಕ್ಷೆಗಳ ಪೆಟ್ಟಿಗೆಯಾಗಿ ತಂದ ಲೋಕ, ಅಂದರೆ ಆಟದ ಕತೆ ನಡೆಯುವ ಜಗತ್ತು. ಬರೆದವರು ಟ್ರಾಯ್ ಡೆನ್ನಿಂಗ್ ಮತ್ತು ಟಿಮೊಥಿ ಬ್ರೌನ್, ಚಿತ್ರ ಬಿಡಿಸಿದವರು ಬ್ರಾಮ್. ಲೋಕದ ಹೆಸರು ಅಥಾಸ್. ಮೇಲೆ ಕೆಂಪು ಸೂರ್ಯ, ಕೆಳಗೆ ಒಣಗಿದ ನೆಲ. ಕಬ್ಬಿಣ ತೀರಾ ಅಪರೂಪ. ಅದಕ್ಕೇ ಕತ್ತಿಗಳು ಎಲುಬಿನವು, ಕಲ್ಲಿನವು, ಮರದವು. ನಾಣ್ಯ ಕೂಡ ಸುಟ್ಟ ಮಣ್ಣಿನದು. ದೇವರಿಲ್ಲ. ಮಾಂತ್ರಿಕ ಎಚ್ಚರ ತಪ್ಪಿ ಮಂತ್ರ ಹಾಕಿದರೆ ಸುತ್ತಲಿನ ಹಸಿರೆಲ್ಲ ಬೂದಿ. ಹಾಗೆ ಮಾಡಿ ಮಾಡಿಯೇ ಲೋಕ ಮರುಭೂಮಿಯಾಗಿದೆ. ಹಾಗೆ ಮಾಡಿದವರೇ ಊರೂರಿಗೆ ರಾಜರಾಗಿ ಕೂತಿದ್ದಾರೆ.

ನಮ್ಮ ಹುಡುಗರಿಗೆ ಹಿಮದ ಕಾಡು, ಪೈನ್ ಮರ, ಬೆಂಕಿಗೂಡು ಇರುವ ಹೆಂಡದಂಗಡಿ ಹೇಳಿ ಹೇಳಿ ನನಗೇ ಸಾಕಾಗಿದೆ. ಅದನ್ನು ಅವರು ಸಿನಿಮಾದಲ್ಲಿ ನೋಡಿದ್ದಾರೆ ಅಷ್ಟೇ. ಮೇ ತಿಂಗಳ 42 ಡಿಗ್ರಿ ಬಿಸಿಲು ಅವರಿಗೆ ಗೊತ್ತು. ಟ್ಯಾಂಕರ್ ಬರುವ ಹೊತ್ತಿಗೆ ಕೊಡ ಸಾಲಾಗಿ ಇಟ್ಟು ಕಾಯುವುದು ಗೊತ್ತು. ನೀರಿನ ಕತೆ ಹೇಳಿದರೆ ಅವರು ನನಗಿಂತ ಚೆನ್ನಾಗಿ ಆಡುತ್ತಾರೆ ಅನ್ನುವ ನಂಬಿಕೆ ನನಗಿದೆ.

ಒಂದು ತೊಡಕು ಇದೆ. ಬೆಂಗಳೂರು ಕಂಪನಿಯ ಗೆಳೆಯ ಹಳೆಯ ಕಾದಂಬರಿಗಳನ್ನೆಲ್ಲ ಓದಿದ್ದಾನೆ. ಯಾವ ರಾಜ ಯಾವಾಗ ಸಾಯುತ್ತಾನೆ, ಯಾರ ಗುಟ್ಟು ಏನು, ಎಲ್ಲ ಅವನ ಬಾಯಲ್ಲಿದೆ. ಉಳಿದ ನಾಲ್ವರಿಗೆ ಅಥಾಸ್ ಹೆಸರೇ ಹೊಸದು. ಈ ಎರಡೂ ಬಗೆಯವರನ್ನು ಒಂದೇ ಚಾಪೆ ಮೇಲೆ ಕೂರಿಸಿ ಎಲ್ಲಿಂದ ಕತೆ ಶುರು ಮಾಡಲಿ? 1991ರ ಪೆಟ್ಟಿಗೆಯಲ್ಲಿದ್ದ ಕಾಲದಿಂದಲೋ, 1995ರಲ್ಲಿ ಬದಲಾಯಿಸಿದ ಕಾಲದಿಂದಲೋ, 2010ರ ನಾಲ್ಕನೇ ಆವೃತ್ತಿಯಲ್ಲಿದ್ದಂತೆಯೋ? ಎರಡನೆಯದು, ಐದನೇ ಆವೃತ್ತಿಯ ರೂಲ್ಸ್‌ನಲ್ಲಿ ನೀರಿನ ಕಷ್ಟ ನಿಜವಾಗಿ ಕಷ್ಟ ಅನಿಸುವ ಹಾಗೆ ಮಾಡುವುದು ಹೇಗೆ? ಗುಲಾಮಗಿರಿಯ ವಿಷಯವೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಹಳೆಯ ಪುಸ್ತಕಗಳಲ್ಲಿ ಅದು ಪುಟಪುಟಕ್ಕೂ ಇದೆ. ಏನು ಮಾಡುವುದು ಅಂತ ತಿಳಿಯುತ್ತಿಲ್ಲ.

ಕಂಪನಿ (ಟಿಎಸ್‌ಆರ್ ಅನ್ನು ಆಮೇಲೆ ಕೊಂಡುಕೊಂಡ ವಿಝಾರ್ಡ್ಸ್ ಆಫ್ ದಿ ಕೋಸ್ಟ್) ಹೊಸ ಪುಸ್ತಕ ತರಲಿ, ಕಾಯಿರಿ ಅಂತ ಮಾತ್ರ ಹೇಳಬೇಡಿ. ಈ ಬೇಸಿಗೆಯಲ್ಲೇ ಆಡಬೇಕು.


ಕೋಟೆಬಾಗಿಲು, ಬೀದರ್:

ಅಕ್ಕೋರೆ, ಒಳ್ಳೆಯ ಲೋಕ ಆರಿಸಿಕೊಂಡಿದ್ದೀರಿ. ನನ್ನ ಮಟ್ಟಿಗೆ ಟಿಎಸ್‌ಆರ್ ತಂದ ಲೋಕಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಕಾಲದ ಮಾತು. ಹಳೆಯ ಲೋಕಗಳನ್ನು ಕಂಪನಿಯವರು ಹೇಗೆ ಹೇಗೆ ಮರಳಿ ತಂದರು ಅಂತ ನೋಡಿದರೆ ದಾರಿ ತಾನಾಗಿಯೇ ಕಾಣುತ್ತದೆ. 2008ರಲ್ಲಿ ಫರ್ಗಾಟನ್ ರೆಲ್ಮ್ಸ್ ಲೋಕವನ್ನು ಹೊಸದು ಮಾಡಲು ಅವರು ಕತೆಯ ಗಡಿಯಾರವನ್ನು ಸುಮಾರು ನೂರು ವರ್ಷ ಮುಂದೆ ತಳ್ಳಿದರು. ನಡುವೆ ಒಂದು ಮಹಾ ಉತ್ಪಾತ ಇಟ್ಟು ಎಷ್ಟೋ ಊರು, ದೇವರುಗಳನ್ನು ಅಳಿಸಿದರು. ಹಳಬರಿಗೆ ಹೊಟ್ಟೆ ಉರಿಯಿತು. ಹೊಸಬರಿಗೆ ಹಳೆಯದರ ಜೊತೆಗೆ ಹೊಸ ನೂರು ವರ್ಷವನ್ನೂ ಕಲಿಯುವ ಕೆಲಸ ಬಿತ್ತು. ಐದನೇ ಆವೃತ್ತಿ ಬರುವ ಹೊತ್ತಿಗೆ ಅಳಿಸಿದ್ದರಲ್ಲಿ ತುಂಬಾ ಭಾಗವನ್ನು ತಾವೇ ವಾಪಸ್ ತಂದರು.

ಈಗ ಗ್ರೇಹಾಕ್ ನೋಡಿ. ಈ ಆಟ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವರ ಲೋಕ. 1983ರ ಪೆಟ್ಟಿಗೆಯಲ್ಲಿ ಆ ಲೋಕದ ಪಂಚಾಂಗ 576ನೇ ವರ್ಷದಲ್ಲಿತ್ತು. 1992ರಲ್ಲಿ ಒಂದು ದೊಡ್ಡ ಯುದ್ಧ ಮುಗಿದ ಮೇಲಿನ ಕಾಲಕ್ಕೆ ಸರಿಸಿದರು. 2024ರ ಡಿಎಂ ಕೈಪಿಡಿಯಲ್ಲಿ ಮತ್ತೆ ಅದನ್ನೇ ಮಾದರಿ ಲೋಕವಾಗಿ ಕೊಟ್ಟಾಗ ಸೀದಾ 576ಕ್ಕೆ ವಾಪಸ್ ಹೋದರು. ಡ್ರ್ಯಾಗನ್‌ಲ್ಯಾನ್ಸ್ ಕೂಡ ಹಾಗೇ. 2022ರ ಪುಸ್ತಕ 1984ರಲ್ಲಿ ಶುರುವಾದ ಅದೇ ಯುದ್ಧದ ಕಾಲಕ್ಕೆ ಹೋಗುತ್ತದೆ, ಆದರೆ ಹೆಸರುವಾಸಿ ನಾಯಕರು ಓಡಾಡಿದ ಜಾಗ ಬಿಟ್ಟು ಬೇರೆ ಮೂಲೆಯಲ್ಲಿ ಕತೆ ನಡೆಸುತ್ತದೆ. ಅಲ್ಲಿ ಆಟಗಾರರಿಗೆ ಮಾಡಲು ಕೆಲಸ ಇರುತ್ತದೆ.

ಡಾರ್ಕ್ ಸನ್‌ಗೆ ಆದದ್ದೂ ಇದೇ. 1991ರ ಪೆಟ್ಟಿಗೆಯಲ್ಲಿ ಟೈರ್ ಊರಿನ ರಾಜ ಕಲಕ್ ಬದುಕಿದ್ದಾನೆ, ಮೆಟ್ಟಿಲು ಮೆಟ್ಟಿಲಾಗಿ ಒಂದು ಭಾರೀ ಗೋಪುರ ಕಟ್ಟಿಸುತ್ತಿದ್ದಾನೆ. ಆಮೇಲೆ ಕಾದಂಬರಿಗಳು ಬಂದವು. ಮೊದಲನೆಯದರಲ್ಲೇ ಅವನ ಕತೆ ಮುಗಿಯಿತು. ಸರಣಿ ಮುಗಿಯುವ ಹೊತ್ತಿಗೆ ಇನ್ನೂ ಹಲವು ರಾಜರು ಸತ್ತರು, ಡ್ರ್ಯಾಗನ್ ಕೂಡ ಸತ್ತಿತು. 1995ರ ಪೆಟ್ಟಿಗೆ ಅದೆಲ್ಲ ಆದ ಮೇಲಿನದು. ದೊಡ್ಡ ಕೆಲಸಗಳನ್ನೆಲ್ಲ ಕಾದಂಬರಿಯವರೇ ಮುಗಿಸಿ ಹೋಗಿದ್ದಾರೆ, ನಿಮ್ಮ ಮಾಳಿಗೆ ಮೇಲಿನ ಐದು ಜನಕ್ಕೆ ಉಳಿದದ್ದು ಏನು? ಅದಕ್ಕೇ 2010ರಲ್ಲಿ ತಂದವರು ಮುಂದಿನದನ್ನೆಲ್ಲ ಬಿಟ್ಟು ಕಲಕ್ ಆಗಷ್ಟೇ ಸತ್ತ ಗಳಿಗೆಗೆ ಗಡಿಯಾರ ತಿರುಗಿಸಿದರು.

ನೀವೂ ಅಲ್ಲಿಂದಲೇ ಶುರು ಮಾಡಿ. ಕಾರಣ ನಿಮ್ಮ ಓದಿದ ಗೆಳೆಯ. ಕಲಕ್ ಬದುಕಿರುವ ಕಾಲದಿಂದ ಶುರು ಮಾಡಿದರೆ ಅವನೊಬ್ಬನಿಗೆ ಮುಂದಿನದು ಗೊತ್ತು, ಉಳಿದವರಿಗೆ ಗೊತ್ತಿಲ್ಲ. ಸತ್ತ ವಾರದಿಂದ ಶುರು ಮಾಡಿದರೆ ಅವನಿಗೆ ಗೊತ್ತಿರುವುದು ಊರಿಗೆಲ್ಲ ಗೊತ್ತಿರುವ ಸುದ್ದಿ. ರಾಜ ಸತ್ತ, ಆಯಿತು. ಕಣಜದ ಕೀಲಿ ಯಾರ ಹತ್ತಿರ ಇದೆ? ಬಾವಿ ಕಾಯುತ್ತಿದ್ದ ಅಧಿಕಾರಿಗಳು ಎಲ್ಲಿ ಓಡಿದರು? ಇದು ಯಾವ ಕಾದಂಬರಿಯಲ್ಲೂ ಇಲ್ಲ. ಮೊದಲ ದಿನವೇ ಎಲ್ಲರ ಎದುರು ಒಂದು ಮಾತು ಹೇಳಿಬಿಡಿ: ಈ ದಿನದಿಂದ ಮುಂದೆ ಪುಸ್ತಕದಲ್ಲಿ ಏನೇ ಇರಲಿ, ನಮ್ಮ ಟೇಬಲ್‌ನಲ್ಲಿ ಅದು ಆಗಿಲ್ಲ. ಓದಿದವನು ಬೇಜಾರು ಮಾಡಿಕೊಳ್ಳುವುದಿಲ್ಲ, ನೋಡಿ. ಅವನಿಗೇ ಜಾಸ್ತಿ ಖುಷಿ ಆಗುತ್ತದೆ.

ಇನ್ನು ನೀರು. ಇದಕ್ಕೆ ನೀವೇ ಲೆಕ್ಕ ಹಾಕಿ, ಗಣಿತದವರು ನೀವು. 2014ರ ರೂಲ್ಸ್ ಪ್ರಕಾರ ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು, ಬಿಸಿಲಿದ್ದರೆ ಎರಡು. ಅರ್ಧ ಕುಡಿದರೆ 15ರ ಕಾನ್‌ಸ್ಟಿಟ್ಯೂಷನ್ ಸೇವ್ ಎಸೆಯಬೇಕು, ಅಂದರೆ ದೇಹ ತಾಳುತ್ತದಾ ಅಂತ ಡೈಸ್ ಎಸೆದು 15 ಮುಟ್ಟಬೇಕು, ಸೋತರೆ ಒಂದು ಮಟ್ಟ ದಣಿವು. ಅದಕ್ಕೂ ಕಡಿಮೆ ಕುಡಿದರೆ ಡೈಸ್ ಇಲ್ಲದೆಯೇ ದಣಿವು. ಆರು ಮಟ್ಟ ದಣಿದರೆ ಸಾವು. ಕೇಳಲು ಕಠಿಣವಾಗಿಯೇ ಇದೆ. ಆದರೆ ನಿಮ್ಮ ಐದು ಜನಕ್ಕೆ ಬಿಸಿಲಲ್ಲಿ ದಿನಕ್ಕೆ ಬೇಕಾದದ್ದು 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್. ಕ್ಲೆರಿಕ್ ಅನ್ನುವ ಪೂಜಾರಿ ಪಾತ್ರದ ಹತ್ತಿರ ಇರುವ ಮೊದಲ ಲೆವೆಲ್‌ನ ನೀರಿನ ಸ್ಪೆಲ್ (ಮಂತ್ರ) ಕೊಡುವುದು ಎಷ್ಟು? ಸರಿಯಾಗಿ 10 ಗ್ಯಾಲನ್! ಬೆಳಿಗ್ಗೆ ಎದ್ದು ಒಂದು ಸ್ಪೆಲ್ ಹಾಕಿದರೆ ಅಥಾಸ್‌ನ ಕಷ್ಟ ಮುಗಿಯಿತು. ಮೂರನೇ ಲೆವೆಲ್‌ನದು 30 ಗ್ಯಾಲನ್ ನೀರು, ಹದಿನೈದು ಜನಕ್ಕೆ ಊಟ ಎರಡೂ ಕೊಡುತ್ತದೆ. ಡ್ರೂಯಿಡ್ ಅನ್ನುವ ಕಾಡಿನ ಮಾಂತ್ರಿಕನ ಹಣ್ಣಿನ ಸ್ಪೆಲ್ ಒಂದಕ್ಕೆ ಹತ್ತು ಹಣ್ಣು, ಒಂದು ಹಣ್ಣು ಒಬ್ಬರಿಗೆ ಒಂದು ದಿನದ ಅನ್ನ. ಔಟ್‌ಲ್ಯಾಂಡರ್ ಹಿನ್ನೆಲೆಯ, ಅಂದರೆ ಊರಾಚೆ ಬೆಳೆದ ಪಾತ್ರ ತನಗೂ ಇನ್ನೈದು ಜನಕ್ಕೂ ಊಟ ನೀರು ಹುಡುಕಿ ತರುತ್ತದೆ.

ಇವನ್ನು ನಿಷೇಧಿಸಬೇಡಿ. ನಿಷೇಧಿಸಿದರೆ ಆಟಗಾರರ ಕೈಯಿಂದ ಏನೋ ಕಿತ್ತುಕೊಂಡ ಹಾಗೆ ಆಗುತ್ತದೆ. ನನ್ನ ಟೇಬಲ್‌ನ ನಿಯಮ ಹೀಗೆ: ಸ್ಪೆಲ್ ನೀರನ್ನು ಹುಟ್ಟಿಸುವುದಿಲ್ಲ, ಹತ್ತಿರದ ನೀರನ್ನು ಎಳೆದು ತರುತ್ತದೆ. ನೀವು 10 ಗ್ಯಾಲನ್ ತಂದರೆ ಅಷ್ಟು ನೀರು ಯಾರದೋ ಬಾವಿಯಲ್ಲಿ ಇಳಿಯುತ್ತದೆ. ಬಾವಿಯವರಿಗೆ ಅದು ಗೊತ್ತಾಗುತ್ತದೆ. ಹತ್ತಿರದಲ್ಲಿ ನೀರೇ ಇಲ್ಲದಿದ್ದರೆ ಸ್ಪೆಲ್‌ಗೆ ಏನೂ ಬರುವುದಿಲ್ಲ. ಇಷ್ಟೇ ಮಾಡಿದ್ದಕ್ಕೆ ನಮ್ಮ ಹುಡುಗರು ಮಂತ್ರ ಹಾಕುವ ಮೊದಲು ಸುತ್ತಮುತ್ತ ಯಾರ ಊರಿದೆ ಅಂತ ಕೇಳಲು ಶುರು ಮಾಡಿದರು.

ಬಾವಿ ಅಂದಮೇಲೆ ನಮ್ಮ ಊರಿನ ಮಾತು ಬರಲೇಬೇಕು. ಬೀದರ್‌ನ ನೌಬಾದಿಗೆ ಬಂದು ಕರೇಜ್ ನೋಡಿ, ಅಕ್ಕೋರೆ. ಬಹಮನಿ ಕಾಲದ್ದು, 15ನೇ ಶತಮಾನದ್ದು. ಎತ್ತರದ ಕಡೆ ಜಲ ಸಿಗುವಲ್ಲಿ ಒಂದು ತಾಯಿಬಾವಿ. ಅಲ್ಲಿಂದ ಜಂಬಿಟ್ಟಿಗೆ ಕಲ್ಲು ಕೊರೆದು ನೆಲದೊಳಗೇ ಸುರಂಗ, ಸಣ್ಣಗೆ ಇಳಿಜಾರು. ನೀರು ತಾನಾಗಿ ಹರಿಯುತ್ತದೆ, ಎತ್ತುವ ಕೆಲಸವೇ ಇಲ್ಲ. ಬಿಸಿಲು ತಾಕದ ಕಾರಣ ಆರುವುದೂ ಕಡಿಮೆ. ಮೇಲಿನಿಂದ ಸಾಲಾಗಿ ನೆಟ್ಟಗಿನ ಬಾವಿಗಳು, ಗಾಳಿಗೆ, ಇಳಿದು ಹೂಳು ತೆಗೆಯಲಿಕ್ಕೆ. ಆಟದವನ ಕಣ್ಣಿಗೆ ಇದು ಏನು ಹೇಳಿ? ಡಂಜನ್! ಬಾಗಿಲು ಹಲವು, ದಾರಿ ಒಂದೇ. ತಲೆ ಮೇಲೆ ಅಲ್ಲಲ್ಲಿ ಬೆಳಕಿನ ಕಂಡಿ. ಮತ್ತೆ ಇದಕ್ಕೊಂದು ಬದುಕಿದೆ. ಹೂಳು ತೆಗೆಯುವವರು ಬೇಕು, ಮೇಲಿನ ಊರು ನೀರು ತಿರುಗಿಸಿಕೊಂಡರೆ ಕೆಳಗಿನ ಊರು ಒಣಗುತ್ತದೆ, ಒಂದು ಬಾವಿಗೆ ಯಾರಾದರೂ ಕಸ ಸುರಿದರೆ ಎಲ್ಲರ ನೀರೂ ಕೆಡುತ್ತದೆ. ಟೈರ್ ರಾಜ ಸತ್ತ ವಾರ ಇಂಥ ಸುರಂಗದ ಮೇಲೆ ಯಾರ ಹಕ್ಕು? ನಿಮ್ಮ ಮೊದಲ ತಿಂಗಳ ಆಟಕ್ಕೆ ಇಷ್ಟು ಸಾಕು.

ಕೊನೆಗೆ ಲೋಹ. ನಮ್ಮ ಮನೆಯಲ್ಲಿ ಬಿದ್ರಿ ಕೆಲಸ ಇದೆ, ಅದಕ್ಕೇ ಈ ಮಾತು. ಸತು ಮತ್ತು ತಾಮ್ರದ ಪಾತ್ರೆ ಎರಕ ಹೊಯ್ದು, ಗೀಚಿ, ಆ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಆಮೇಲೆ ಕೋಟೆಯ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡುತ್ತಾರೆ. ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕೂದಲಿನಷ್ಟು ತೆಳ್ಳಗಿನ ತಂತಿಯೂ ನೆಲಕ್ಕೆ ಬಿದ್ದರೆ ಅಪ್ಪ ಹುಡುಕಿ ಎತ್ತಿಡುತ್ತಾರೆ. ಅಥಾಸ್‌ನಲ್ಲಿ ಲೋಹವನ್ನು ಹಾಗೆ ಕೊಡಿ. ನಿಧಿ ಅಂದರೆ ಚಿನ್ನದ ರಾಶಿ ಬೇಡ. ಒಂದು ಮೊಳೆ, ಒಂದು ಸೂಜಿ, ಮುರಿದ ಕುಡುಗೋಲಿನ ತುದಿ. ಆಟಗಾರರು ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಬೇಕು. ಎಲುಬಿನ ಆಯುಧಕ್ಕೆ ಸರಳ ನಿಯಮ: ಡೈಸ್‌ನಲ್ಲಿ ಒಂದು ಬಿದ್ದರೆ ಮುರಿಯಿತು.


ಶಹಾಬಾದಿ ಫರ್ಸಿ:

ನನಗೆ ಗ್ರೇಹಾಕ್ ಮೇಲೆಯೇ ಪ್ರೀತಿ. 1980ರ ಮೊದಲ ಪುಸ್ತಕ 32 ಪುಟ, ಜೊತೆಗೆ ದೊಡ್ಡ ನಕ್ಷೆ. ಒಂದೊಂದು ರಾಜ್ಯಕ್ಕೆ ಒಂದೆರಡು ಪ್ಯಾರಾ. ಉಳಿದದ್ದನ್ನು ನೀವೇ ಕಟ್ಟಿಕೊಳ್ಳಿ ಅಂತ ಬಿಟ್ಟಿದ್ದರು. ಹಳೆಯ ಲೋಕ ತರುವವರು ಕಲಿಯಬೇಕಾದದ್ದು ಅದೇ ಅಂತ ನನ್ನ ಅಭಿಪ್ರಾಯ. ಡಾರ್ಕ್ ಸನ್‌ನಲ್ಲಿ ಏಳು ನಗರ ಇವೆ. ಏಳೂ ಬೇಡ. ಟೈರ್ ಒಂದು, ಅದರಿಂದ ಎರಡು ದಿನದ ನಡಿಗೆಯಷ್ಟು ನೆಲ. ಉಳಿದ ಊರುಗಳ ಹೆಸರು ವ್ಯಾಪಾರಿಗಳ ಬಾಯಲ್ಲಿ ಬಂದರೆ ಸಾಕು. ಎಲ್ಲವನ್ನೂ ಓದಿ ಮುಗಿಸಿ ಆಡಿಸುತ್ತೇನೆ ಅಂತ ಕೂತರೆ ಈ ಬೇಸಿಗೆಯಲ್ಲ, ಮುಂದಿನದರಲ್ಲೂ ಆಟ ಶುರುವಾಗುವುದಿಲ್ಲ.

ಕಲಕ್ ತನ್ನ ಕಬ್ಬಿಣದ ಗಣಿಯ ಗುಲಾಮರನ್ನೆಲ್ಲ ಗೋಪುರ ಕಟ್ಟಲು ಎಳೆದುಕೊಂಡಿದ್ದ, ಗಣಿ ನಿಂತುಹೋಗಿತ್ತು. ಅದು ಹಳೆಯ ಪೆಟ್ಟಿಗೆಯಲ್ಲೇ ಇರುವ ವಿಷಯ. ಅದನ್ನು ಮಾತ್ರ ಬಿಡಬೇಡಿ. ಆ ಸೀಮೆಯಲ್ಲಿ ಕಬ್ಬಿಣಕ್ಕೆ ಟೈರ್ ಗಣಿಯೇ ಗತಿ. ರಾಜ ಸತ್ತ ಮೇಲೆ ಅದನ್ನು ಯಾರು, ಯಾರಿಂದ ತೆಗೆಸುತ್ತಾರೆ ಅನ್ನುವುದೇ ದೊಡ್ಡ ಜಗಳ. ನಮ್ಮ ಊರು ಕಲ್ಲಿನ ಗಣಿಯ ಊರು. ಗಣಿ ಒಂದು ತಿಂಗಳು ನಿಂತರೆ ಪೇಟೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ಚಹಾದಂಗಡಿಯಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರ ಮುಖ ಬಾಡುತ್ತದೆ.


ಭೀಮಾತೀರ, ಯಾದಗಿರಿ:

ಗುಲಾಮಗಿರಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಕ್ಕಾ, ನಿಮಗೆ ಅದು ಕೊರೆಯುತ್ತಿದೆ ಅಂದಿರಿ. ಕೊರೆಯಲೇಬೇಕು.

ಹಳೆಯ ಪುಸ್ತಕಗಳಲ್ಲಿ ಗುಲಾಮಗಿರಿ ಹಲವು ಕಡೆ ಬರೀ ಸೊಗಸಿಗೆ ಬಂದಿದೆ. ಅಖಾಡದ ಕಾಳಗ, ಸರಪಳಿ, ಚಾಟಿ, ಚಿತ್ರಕ್ಕೆ ಚೆಂದ. ಮುಲ್ ಅನ್ನುವ ಒಂದು ಜನಾಂಗ ಇದೆ, ಮನುಷ್ಯ ಮತ್ತು ಕುಳ್ಳರ ಮಿಶ್ರ. ಅವರನ್ನು ದುಡಿಸಲಿಕ್ಕೆ, ಕಾದಾಡಿಸಲಿಕ್ಕೆ ಅಂತಲೇ ಒಡೆಯರು ಹುಟ್ಟಿಸುತ್ತಾರೆ ಅಂತ ಬರೆದಿದೆ. ಅದನ್ನು ಹಾಗೇ ಓದಿ ಹೇಳಿದರೆ ಟೇಬಲ್‌ನಲ್ಲಿ ಕೂತ ಯಾರಿಗೋ ನೋವಾಗುತ್ತದೆ. ನಮ್ಮ ಕಡೆ ಇದು ದೂರದ ಕತೆಯಲ್ಲ. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ನಮ್ಮ ಓಣಿಯಲ್ಲಿ ಅದರ ನೆನಪಿರುವ ಅಜ್ಜಂದಿರು ಇದ್ದಾರೆ. ಅವರ ಮೊಮ್ಮಕ್ಕಳು ಆಡಲು ಬರುತ್ತಾರೆ.

2022ರಲ್ಲಿ ಸ್ಪೆಲ್‌ಜಾಮರ್ ಲೋಕವನ್ನು ಮರಳಿ ತಂದಾಗ ಕಂಪನಿಗೇ ಇದು ತಟ್ಟಿತು. ಹಡೋಜೀ ಅನ್ನುವ ಮಂಗನಂಥ ಜನಾಂಗಕ್ಕೆ ಹೊಸದಾಗಿ ಒಂದು ಹಿನ್ನೆಲೆ ಬರೆದರು. ಒಬ್ಬ ಮಾಂತ್ರಿಕ ಅವರನ್ನು ಗುಲಾಮರಾಗಿ ಮಾರಲಿಕ್ಕೆ ಹಿಡಿದು ಬುದ್ಧಿವಂತರನ್ನಾಗಿ ಮಾಡಿದ ಅಂತ. ಓದುಗರು ಎದ್ದು ನಿಂತು ಕೇಳಿದರು. ಕಂಪನಿ ಕ್ಷಮೆ ಕೇಳಿ ಆ ಭಾಗ ತೆಗೆದುಹಾಕಿತು.

ಹಾಗಂತ ಅಥಾಸ್‌ನಿಂದ ಗುಲಾಮಗಿರಿಯನ್ನು ಪೂರ್ತಿ ಅಳಿಸಿ ಅಂತ ನಾನು ಹೇಳುವುದಿಲ್ಲ. ಅಳಿಸಿದರೆ ಆ ರಾಜರು ಏಕೆ ಕೆಟ್ಟವರು ಅನ್ನುವುದೇ ಉಳಿಯುವುದಿಲ್ಲ. ನಾನು ಆಡಿಸುವಾಗ ಮಾಡುವುದು ಇಷ್ಟು. ಪಾತ್ರ ಮಾಡುವ ಮೊದಲೇ ಎಲ್ಲರನ್ನೂ ಕೂರಿಸಿ ಕೇಳುತ್ತೇನೆ: ಏನು ಟೇಬಲ್ ಮೇಲೆ ಬರಬಾರದು? ಹೇಳಲು ಸಂಕೋಚ ಇದ್ದರೆ ಚೀಟಿಯಲ್ಲಿ ಬರೆದು ಕೊಡಿ ಅನ್ನುತ್ತೇನೆ. ಚೀಟಿಯಲ್ಲಿ ಬಂದದ್ದು ಬಂತು, ಏಕೆ ಅಂತ ಕೇಳುವುದಿಲ್ಲ. ಎರಡನೆಯದು, ಆಟಗಾರರ ಪಾತ್ರ ಯಾರನ್ನೂ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಇದರಲ್ಲಿ ಚರ್ಚೆ ಇಲ್ಲ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬಿಡುಗಡೆಯಾದವರಿಗೆ ಹೆಸರು, ಮನೆ, ಕಸುಬು, ಸಿಟ್ಟು, ಆಸೆ ಎಲ್ಲ ಕೊಡಿ. ಹಿಂದೆ ನಿಂತ ಗುಂಪಾಗಿ ಇಡಬೇಡಿ. ಟೈರ್‌ನಲ್ಲಿ ರಾಜ ಸತ್ತ ಮೇಲೆ ಗುಲಾಮರು ಬಿಡುಗಡೆಯಾಗುತ್ತಾರೆ. ಬೀದರ್ ಅಣ್ಣ ಹೇಳಿದ ಕಾಲ ಅದಕ್ಕೂ ಒಳ್ಳೆಯದು. ನೆನ್ನೆವರೆಗೆ ಗಣಿಯಲ್ಲಿದ್ದವನು ಇವತ್ತು ಕೂಲಿ ಕೇಳುತ್ತಾನೆ. ಗಣಿ ನಿಂತಿದೆ ಅಂತ ಶಹಾಬಾದ್‌ನವರು ಅಂದರಲ್ಲ, ಅದರ ಇನ್ನೊಂದು ಬದಿ ಇದು. ಪೇಟೆಗೆ ಕಬ್ಬಿಣ ಬೇಕು, ಆದರೆ ಆ ಗುಂಡಿಗೆ ಇಳಿಯಲು ಈಗ ಅವನು ಒಪ್ಪಬೇಕು. ಆ ಮಾತುಕತೆಯನ್ನು ಆಡಿಸಿ ನೋಡಿ, ಕತ್ತಿ ಕಾಳಗಕ್ಕಿಂತ ಬಿಗಿಯಾಗಿರುತ್ತದೆ.

ಮುಲ್ ಪಾತ್ರ ಯಾರಾದರೂ ಬೇಕು ಅಂದರೆ ಕೊಡಿ. ಒಬ್ಬ ಅಪ್ಪ, ಒಬ್ಬ ಅಮ್ಮ, ಇಷ್ಟಪಟ್ಟು ಮದುವೆಯಾದವರು. ಅಷ್ಟು ಬದಲಾಯಿಸಿದರೆ ಲೋಕಕ್ಕೆ ಏನೂ ಕೊರತೆಯಾಗುವುದಿಲ್ಲ.

ಬೀದರ್ ಅಣ್ಣನಿಗೆ ಒಂದು ಕೋರಿಕೆ. ಕರೇಜ್ ತನ್ನಿ, ಬಿದ್ರಿ ತನ್ನಿ, ಬಹಳ ಚೆನ್ನಾಗಿದೆ. ಬಹಮನಿ ಸುಲ್ತಾನರನ್ನು ತಂದು ಮಾಂತ್ರಿಕ ರಾಜರ ಜಾಗದಲ್ಲಿ ಕೂರಿಸುವ ಆಸೆ ಮಾತ್ರ ಯಾರಿಗೂ ಬರದಿರಲಿ. ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ ಊರು ಅದು. ನಮ್ಮ ಸುರಪುರದ ನಾಯಕರಿಗೂ ಇದೇ ಮಾತು ಅನ್ವಯ. ನೆಲದಿಂದ ಕಲ್ಲು, ನೀರು, ಕೆಲಸದ ರೀತಿ ತೆಗೆದುಕೊಳ್ಳೋಣ. ಜನ ನಂಬುವ, ಗೌರವಿಸುವ ಹೆಸರುಗಳನ್ನು ಬಿಟ್ಟುಬಿಡೋಣ.


ಕೋಟೆಬಾಗಿಲು, ಬೀದರ್:

ತಂಗೀ, ನಿನ್ನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ದರ್ಗಾ, ಗುಡಿ, ಸುಲ್ತಾನರು ಯಾರೂ ನನ್ನ ಟೇಬಲ್‌ಗೆ ಬರುವುದಿಲ್ಲ. ಚೀಟಿಯ ಉಪಾಯ ನಾನೂ ತೆಗೆದುಕೊಳ್ಳುತ್ತೇನೆ.


ತೊಗರಿಹೊಲ, ಕಲಬುರಗಿ:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಶರಣು.

ಕಾಲದ ಪ್ರಶ್ನೆ ಬಗೆಹರಿಯಿತು. ಕಲಕ್ ಸತ್ತ ವಾರ. ನೀರನ್ನು ಎಳೆದು ತರುವ ನಿಯಮವೂ ಬೇಕು. ಇನ್ನೂ ಎರಡು ಕೇಳಬೇಕು. ಗಿಡ ಸುಡುವ ಮಾಂತ್ರಿಕನನ್ನು ಐದನೇ ಆವೃತ್ತಿಯಲ್ಲಿ ಹೇಗೆ ತರುವುದು? ಸುಮ್ನೆ ಬಾಯಲ್ಲಿ ಹುಲ್ಲು ಒಣಗಿತು ಅಂತ ಹೇಳಿದರೆ ಯಾರಿಗೂ ತಾಕುವುದಿಲ್ಲ. ಮತ್ತೆ ನರ್ಸಿಂಗ್ ಹುಡುಗಿಯರಿಗೆ ಇಂಗ್ಲಿಷ್ ರೂಲ್ಸ್ ಓದುವುದು ಬೇಜಾರು. ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಮಾಡಿ ಹಂಚಬಹುದಾ? ಕಾನೂನು ತಕರಾರು ಬರುತ್ತದಾ?


ಕೋಟೆಬಾಗಿಲು, ಬೀದರ್:

2010ರ ಪುಸ್ತಕದಲ್ಲಿ ಒಂದು ಒಳ್ಳೆಯ ಉಪಾಯ ಇತ್ತು. ಮಾಂತ್ರಿಕನ ದೊಡ್ಡ ಮಂತ್ರ ಗುರಿ ತಪ್ಪಿದರೆ ಅವನು ಡೈಸ್ ಮತ್ತೆ ಎಸೆಯಬಹುದು. ಆದರೆ ಹಾಗೆ ಎಸೆದರೆ ಸುತ್ತಲಿನ ಅವನ ಗೆಳೆಯರಿಗೇ ಪೆಟ್ಟು ಬೀಳುತ್ತದೆ, ಅವರ ಜೀವ ಹೀರಿ ಮಂತ್ರ ಬಲವಾಗುತ್ತದೆ. ಇದನ್ನೇ ಇಟ್ಟುಕೊಳ್ಳಿ. ಐದನೇ ಆವೃತ್ತಿಗೆ ನಾನು ಹೀಗೆ ತಿರುಗಿಸಿದ್ದೇನೆ: ಮಾಂತ್ರಿಕ ಬೇಕೆಂದರೆ ಹಾನಿಯ ಡೈಸ್ ಎಲ್ಲ ಮತ್ತೆ ಎಸೆಯಬಹುದು. ಆಗ 30 ಅಡಿಯೊಳಗಿನ ಪ್ರತಿಯೊಬ್ಬ ಗೆಳೆಯನಿಗೂ ಸ್ಪೆಲ್‌ನ ಲೆವೆಲ್‌ಗೆ ಒಂದರಂತೆ ಡಿ4 (ನಾಲ್ಕು ಮುಖದ ಡೈಸ್) ಪೆಟ್ಟು. ಆ ಜಾಗದಲ್ಲಿ ಮುಂದೆ ಒಂದು ವರ್ಷ ಏನೂ ಬೆಳೆಯುವುದಿಲ್ಲ. ನಕ್ಷೆ ಮೇಲೆ ಪೆನ್ಸಿಲ್‌ನಿಂದ ಆ ಜಾಗ ಕಪ್ಪು ಮಾಡುತ್ತೇವೆ. ಯಾರದೋ ಹೊಲದಲ್ಲಿ ಮಾಡಿದರೆ ಹೊಲದವರು ಮುಂದೆ ಕತೆಗೆ ಬಂದೇ ಬರುತ್ತಾರೆ. ಬೇಡ ಅನ್ನುವ ಮಾಂತ್ರಿಕನಿಗೆ ಯಾವ ದಂಡವೂ ಇಲ್ಲ. ಆಸೆ ತೋರಿಸಿದರೆ ಸಾಕು, ಒಬ್ಬರಲ್ಲ ಒಬ್ಬರು ಕಷ್ಟಕಾಲದಲ್ಲಿ ಕೈ ಹಾಕುತ್ತಾರೆ.

ಮನಸ್ಸಿನ ಶಕ್ತಿ ಅಥಾಸ್‌ನಲ್ಲಿ ಎಲ್ಲರಿಗೂ ಸ್ವಲ್ಪ ಸ್ವಲ್ಪ ಇರುತ್ತದೆ. ಅದಕ್ಕೆ ಹೊಸ ರೂಲ್ಸ್ ಕಟ್ಟಲು ಹೋಗಬೇಡಿ. ಪಾತ್ರಕ್ಕೊಂದು ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಮಂತ್ರ) ಕೊಡಿ, ಕೈ ಬಾಯಿ ಆಡಿಸದೆ ಮಾಡುವ ಹಾಗೆ. ಅಷ್ಟು ಸಾಕು.


ಶಹಾಬಾದಿ ಫರ್ಸಿ:

ಕೈಪಿಡಿ ಬಗ್ಗೆ. 2023ರ ಜನವರಿಯಲ್ಲಿ ಕಂಪನಿ ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು, ಎಸ್‌ಆರ್‌ಡಿ 5.1 ಅನ್ನು, ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೆಳಗೆ ಬಿಟ್ಟಿದೆ. ಮೂಲ ಯಾವುದು ಅಂತ ಅವರು ಹೇಳಿದ ರೀತಿಯಲ್ಲಿ ನಮೂದಿಸಿದರೆ ಅನುವಾದ ಮಾಡಬಹುದು, ಹಂಚಬಹುದು, ಮಾರಲೂಬಹುದು. ಆದರೆ ಅದರಲ್ಲಿ ಇರುವುದು ನಿಯಮಗಳು. ಅಥಾಸ್, ಟೈರ್, ಕಲಕ್ ಇವೆಲ್ಲ ಅದರಲ್ಲಿ ಇಲ್ಲ, ಅವು ಕಂಪನಿಯ ಸ್ವತ್ತು. ಹಾಗಾಗಿ ನಿಯಮದ ಕೈಪಿಡಿಯನ್ನು ಬೇರೆ ಮಾಡಿ, ಅದನ್ನು ಇಲ್ಲೂ ಹಾಕಿ, ಎಲ್ಲರಿಗೂ ಉಪಯೋಗ. ಲೋಕದ ಟಿಪ್ಪಣಿ ನಿಮ್ಮ ಮಾಳಿಗೆ ಮೇಲೆಯೇ ಇರಲಿ.

ಕೈಪಿಡಿ ನಾಲ್ಕು ಪುಟ ದಾಟಬಾರದು ಅಕ್ಕಾ. ಡೈಸ್ ಯಾವಾಗ ಎಸೆಯಬೇಕು, ಹೋರಾಟದಲ್ಲಿ ಒಂದು ಸರದಿಗೆ ಏನೇನು ಮಾಡಬಹುದು, ದಣಿವಿನ ಆರು ಮಟ್ಟ. ದಣಿವಿನದು ಮಾತ್ರ ದೊಡ್ಡ ಅಕ್ಷರದಲ್ಲಿ.


ತೊಗರಿಹೊಲ, ಕಲಬುರಗಿ:

ಆಯಿತು. ನಿನ್ನೆ ಚಿಕ್ಕಪ್ಪನ ಮಗನ ಜೊತೆ ಕೂತು ಒಂದು ಹಾಳೆ ಬರೆದೆವು. ಟೈರ್‌ನಿಂದ ಎರಡು ದಿನದ ದಾರಿಯಲ್ಲಿ ಮೂರು ಹಳ್ಳಿ, ಮೂರಕ್ಕೂ ಒಂದೇ ನೆಲದೊಳಗಿನ ಕಾಲುವೆ. ಮೇಲಿನ ಹಳ್ಳಿಯಲ್ಲಿ ರಾಜನ ಅಧಿಕಾರಿ ಇನ್ನೂ ಕೂತಿದ್ದಾನೆ, ಸುದ್ದಿ ಅವನಿಗೆ ಮುಟ್ಟಿಲ್ಲ. ಕೆಳಗಿನ ಹಳ್ಳಿಗೆ ಗಣಿಯಿಂದ ಬಿಡುಗಡೆಯಾದವರು ಬಂದು ಸೇರಿದ್ದಾರೆ, ಅವರಿಗೆ ಸುದ್ದಿ ಗೊತ್ತು. ನಡುವಿನ ಹಳ್ಳಿಯಲ್ಲಿ ಬಾವಿ ನೀರು ದಿನ ದಿನಕ್ಕೆ ಇಳಿಯುತ್ತಿದೆ, ಯಾರೋ ಎಳೆಯುತ್ತಿದ್ದಾರೆ. ಆಟಗಾರರು ಹೂಳು ತೆಗೆಯುವ ತಂಡ. ಕೈಯಲ್ಲಿ ಸನಿಕೆ, ಒಬ್ಬಳ ಹತ್ತಿರ ಮಾತ್ರ ಒಂದು ಕಬ್ಬಿಣದ ಮೊಳೆ.

ಓದಿದ ಗೆಳೆಯನಿಗೆ ಫೋನ್ ಮಾಡಿ ಪುಸ್ತಕದಲ್ಲಿ ಮುಂದೆ ಆದದ್ದು ನಮ್ಮಲ್ಲಿ ಆಗಿಲ್ಲ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನನಗ ಆ ಮೇಲಿನ ಹಳ್ಳಿ ಅಧಿಕಾರಿ ಮಗನ ಪಾತ್ರ ಕೊಡು" ಅಂದ. ಕೊಟ್ಟಿದ್ದೇನೆ.

ಚೀಟಿಗಳನ್ನು ಈ ಭಾನುವಾರ ಬರೆಸುತ್ತೇನೆ. ಕೈಪಿಡಿಯ ಮೊದಲ ಎರಡು ಪುಟ ಆಗಿದೆ, ದಣಿವಿನ ಭಾಗ ಬರೆದು ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ. ಬೀದರ್ ಅಣ್ಣಾ, ಪರೀಕ್ಷೆ ಮುಗಿದ ಮೇಲೆ ಐದೂ ಜನರನ್ನು ಕರೆದುಕೊಂಡು ನೌಬಾದಿಗೆ ಬರುವ ಯೋಚನೆ ಇದೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದರೆ ಬಿಸಿಲಿಗೆ ಮೊದಲು ನೋಡಿ ಮುಗಿಸಬಹುದು?